ಇಪ್ಪತ್ತೆಂಟನೆಯ ಬೀಜ

ಕಳೆದ ವಾರ ನಮ್ಮ ಹಳೆಯ ಫ್ರಿಜ್ಜನ್ನು ಇಬ್ಬರು ಗಂಡಸರು ಎತ್ತಿಕೊಂಡು ಹೋದರು. ಸೊಸೆ ಹೊಸದೊಂದನ್ನು ಆರಿಸಿದ್ದಳು, ಅಡುಗೆಮನೆಗಿಂತ ಅದೇ ದೊಡ್ಡದು ಎಂದು ನನ್ನ ತಕರಾರು. ಹಳೆಯದು ನಿಂತಿದ್ದ ಜಾಗದಲ್ಲಿ ಚೌಕಾಕಾರದ ಧೂಳು, ಒಂದು ಒಣಗಿ ಕಲ್ಲಾದ ಲಿಂಬೆ, ಯಾವುದೋ ಡಬ್ಬಿಯ ಮುಚ್ಚಳ... ಮತ್ತೆ ಒಂದು ಕೆಂಪು ಬೀಜ. ಮಂಜೊಟ್ಟಿ. ಚೆನ್ನೆಮಣೆ ಆಡುವಾಗ ಮಣೆಯ ಕುಳಿಗಳಿಗೆ ಹಾಕುತ್ತೇವಲ್ಲ, ಅದು. ಸೊಸೆಯ ಪೊರಕೆ ತಾಗಿ ಟೈಲ್ಸಿನ ಮೇಲೆ ಉರುಳಿ ಬಂದು ನನ್ನ ಚಪ್ಪಲಿಯ ತುದಿಯಲ್ಲಿ ನಿಂತಿತು. ನಾಲ್ಕು ವರ್ಷಕ್ಕಿಂತ ಹೆಚ್ಚು ಕತ್ತಲೆಯಲ್ಲಿದ್ದರೂ ಹೊಳಪು ಒಂದಿಷ್ಟೂ ಮಾಸಿರಲಿಲ್ಲ.

"ಇದೆಂತ ಅತ್ತೆ? ಫ್ರಿಜ್ಜಿನ ಅಡಿಗೆ ಹೇಗೆ ಹೋಯ್ತು?" ಎಂದು ಸೊಸೆ ಹೆಕ್ಕಿ ನನ್ನ ಕೈಗೆ ಕೊಟ್ಟಳು.

"ಎಂತದೋ ಬೀಜ," ಎಂದೆ.

ಸುಳ್ಳಲ್ಲ. ಆದರೆ ಅದು ಅಲ್ಲಿಗೆ ಹೇಗೆ ಹೋಯಿತೆಂದು ಗೊತ್ತಿದ್ದವಳು ನಾನೊಬ್ಬಳೇ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಪುತ್ತೂರಿನ ನಮ್ಮ ಮನೆಯ ಕಾಂಪೌಂಡಿನ ಮೂಲೆಯಲ್ಲಿ ಒಂದು ಚಿಕ್ಕ ಮನೆ ಇದೆ. ಬಾಡಿಗೆಗೆ ಕೊಡುತ್ತೇವೆ. ಐದು ವರ್ಷದ ಹಿಂದೆ ಅಲ್ಲಿಗೆ ಒಬ್ಬ ಹೈಸ್ಕೂಲ್ ಟೀಚರ್ ಬಂದಳು, ಜೊತೆಗೆ ಅವಳ ತಾಯಿ. ಗುತ್ತಿಗಾರಿನ ಕಡೆಯವರು. ತಾಯಿ ಮಗಳು ತಮ್ಮೊಳಗೆ ಆ ಕಡೆಯ ಅರೆಭಾಷೆ ಮಾತಾಡುತ್ತಿದ್ದರು, ನಮ್ಮೊಡನೆ ಕನ್ನಡ. ತಾಯಿಗೆ ಎಪ್ಪತ್ತಾರು, ನನಗೆ ಆಗ ಎಪ್ಪತ್ತೆರಡು. ಬಂದ ಮೊದಲ ದಿನವೇ ಅವರು ನನ್ನನ್ನು "ಅಕ್ಕ" ಎಂದು ಕರೆದುಬಿಟ್ಟರು. ನಾಲ್ಕು ವರ್ಷ ದೊಡ್ಡವರು ನನ್ನನ್ನು ಅಕ್ಕ ಎಂದದ್ದು! ಹಠಕ್ಕೆ ಬಿದ್ದು ನಾನೂ ಅವರನ್ನು ಅಕ್ಕ ಎಂದೆ. ಹೀಗೆ ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ಹಿರಿಯರನ್ನಾಗಿ ಮಾಡುತ್ತಾ ಪರಿಚಯವಾದೆವು. ಮನೆಯವರ ಬಾಯಲ್ಲಿ ಅವರು ಗುತ್ತಿಗಾರಿನ ಅಕ್ಕ.

ಮಗಳು ಅವರನ್ನು ಕರೆತಂದದ್ದಕ್ಕೆ ಕಾರಣವಿತ್ತು. ಊರಲ್ಲಿ ದನದ ಹಟ್ಟಿಯಿಂದ ಹಾಲಿನ ಚೆಂಬು ಹಿಡಿದು ಬರುವಾಗ ತಲೆ ತಿರುಗಿ ಬಿದ್ದಿದ್ದರು. ಮಗ ಅಲ್ಲೇ ಬೇಸಾಯ ಮಾಡುತ್ತಾನೆ, ಆದರೆ ಹಗಲಿಡೀ ಹೊರಗೆ. ಮನೆಗೆ ಹೋಗುವ ದಾರಿಯೋ ಏರು. "ಕಾಲು ಗಟ್ಟಿಯಾಗುವವರೆಗೆ ನನ್ನ ಹತ್ರ ಇರಿ" ಎಂದು ಮಗಳ ಆಜ್ಞೆ. ಕಾಲು ಗಟ್ಟಿಯೇ ಇತ್ತು. ಹಾಳಾದದ್ದು ಕಿವಿ.

ನನಗೂ ಅದೇ ಕಾಯಿಲೆ. ಅವರು ಬರುವುದಕ್ಕೆ ಒಂದು ವರ್ಷ ಮೊದಲು ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಎಡಮಗ್ಗುಲಿಗೆ ಹೊರಳಿದೆ, ಅಷ್ಟೇ. ಫ್ಯಾನು ನಿಂತಿತ್ತು, ರೂಮು ತಿರುಗುತ್ತಿತ್ತು. ಮಂಚದ ಅಂಚನ್ನು ಹಿಡಿದುಕೊಂಡು "ಇವರೇ!" ಎಂದು ಕೂಗಿದ್ದು ನೆನಪಿದೆ. ಅಂದಿನಿಂದ ನಾನು ಮನೆಯೊಳಗೆ ನಡೆಯುವುದೆಂದರೆ ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ, ದೋಣಿಯಿಂದ ದೋಣಿಗೆ ಹಾರುವವರ ಹಾಗೆ.

ಹೊಸಬರ ಕಾಯಿಲೆ ಕೇಳಿದಾಗ, ಆನೆಸ್ಟ್ಲಿ ಹೇಳುತ್ತೇನೆ, ನನಗೆ ಸಂತೋಷವಾಯಿತು. ಜೊತೆಗೊಬ್ಬರು ಸಿಕ್ಕಿದರೆಂದು ಅಲ್ಲ. ವರ್ಟಿಗೋದ ವಿಷಯದಲ್ಲಾದರೂ ನಾನು ಸೀನಿಯರ್ ಆದೆನಲ್ಲ ಎಂದು.

ನಮ್ಮ ಇವರು ಕಾರಿನಲ್ಲಿ ಇಬ್ಬರನ್ನೂ ಒಟ್ಟಿಗೆ ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಒಬ್ಬೊಬ್ಬರನ್ನೇ ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ದಡಕ್ಕನೆ ಮಲಗಿಸಿ ಕಣ್ಣನ್ನು ನೋಡಿದರು. ನನಗೆ ಎಡಗಿವಿ, ಅವರಿಗೆ ಬಲಗಿವಿ. "ಕಿವಿಯ ಒಳಗೆ ಸಣ್ಣ ಸಣ್ಣ ಹರಳು ಉಂಟು. ಅದು ತನ್ನ ಜಾಗ ಬಿಟ್ಟು ಬೇರೆ ಕಡೆ ಹೋದ್ರೆ ಹೀಗೆ ತಿರುಗುದು," ಎಂದರು.

ಗುತ್ತಿಗಾರಿನ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. "ನೋಡಿ ಅಕ್ಕ, ಮೂಗುತಿಗೊಂದು ಹರಳು ಇಡಿಸ್ಬೇಕೂಂತ ನನ್ನ ಆಸೆ ಹಾಗೇ ಉಳೀತು. ದೇವರು ಕಿವಿಯೊಳಗೆ ಇಟ್ಟಿದ್ದಾನೆ, ಯಾರಿಗೂ ತೋರ್ಸ್ಲಿಕ್ಕಾಗುದಿಲ್ಲ!"

ಡಾಕ್ಟರೂ ನಕ್ಕರು. ನಾನು 'ಪೊಸಿಶನಲ್ ವರ್ಟಿಗೋ' ಎಂಬ ಶಬ್ದವನ್ನು ಸ್ಪೆಲ್ಲಿಂಗ್ ಸಹಿತ ಹೇಳಿದ್ದೆ. ಅದಕ್ಕೆ ಯಾರೂ ನಗಲಿಲ್ಲ, ಮೆಚ್ಚಲೂ ಇಲ್ಲ.

ಇಬ್ಬರಿಗೂ ಸಿಕ್ಕಿದ ಉಪದೇಶ ಒಂದೇ. ಎದ್ದ ಕೂಡಲೇ ನಿಲ್ಲಬಾರದು, ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು. ನೀರು ಕುಡಿಯಬೇಕು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಅದರಿಂದ ಕಣ್ಣು ತೆಗೆಯದೆ ತಲೆಯನ್ನು ಮೆಲ್ಲಗೆ ಆಚೀಚೆ ತಿರುಗಿಸಬೇಕು. ದಿನಾಲೂ ನಡೆಯಬೇಕು. ಫಕ್ಕನೆ ಬಗ್ಗಬಾರದು. ನಾನು ಮನೆಗೆ ಬಂದವಳೇ ಬಿಳಿ ಹಾಳೆಗೆ ಸ್ಕೇಲಿನಿಂದ ಗೆರೆ ಎಳೆದು, ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಕರ್ಸಿವ್ ಅಕ್ಷರದಲ್ಲಿ ಒಂದು ಟೈಮ್‌ಟೇಬಲ್ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎಷ್ಟು ಚಂದ ಬರೆದಿದ್ದೆನೆಂದರೆ ಮನೆಗೆ ಬಂದವರೆಲ್ಲ ಹೊಗಳಿದರು. ನಾಲ್ಕು ದಿನ ಪಾಲಿಸಿದೆ. ಐದನೆಯ ದಿನ ನೆಗಡಿ, ಆರನೆಯ ದಿನ ನೆಂಟರು, ಏಳನೆಯ ದಿನ ಭಾನುವಾರ. ಆಮೇಲೆ ಅದು ಫ್ರಿಜ್ಜಿಗೆ ಅಲಂಕಾರವಾಗಿ ಉಳಿಯಿತು.

ಅಕ್ಕನಿಗೆ ಟೈಮ್‌ಟೇಬಲ್ ಇರಲಿಲ್ಲ. ಅವರು ಓದಿದ್ದು ಮೂರನೆಯ ಕ್ಲಾಸು. ಆದರೆ ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಜಗಲಿ ಕಾಣುತ್ತಿತ್ತು, ದಿನಾ ಬೆಳಿಗ್ಗೆ ಆರೂವರೆಗೆ ಅವರು ಅಲ್ಲಿ ಹಾಜರು. ಮೊದಲು ಒಂದು ಚೆಂಬು ಬಿಸಿನೀರು, ಗುಟುಕು ಗುಟುಕಾಗಿ. ಆಮೇಲೆ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನ ವ್ಯಾಯಾಮ, ಯಾರಿಗೋ ಬೇಡ ಬೇಡ ಎಂದು ಹೇಳುವವರ ಹಾಗೆ. ಆಮೇಲೆ ನಡಿಗೆ. ನಮ್ಮ ಅಂಗಳದಲ್ಲಿ, ನಮ್ಮ ತುಳಸಿಕಟ್ಟೆಗೆ ಸುತ್ತು. ಒಂದು ದಿನ ತಪ್ಪಲಿಲ್ಲ. ಜ್ವರ ಬಂದ ದಿನವೂ ಶಾಲು ಹೊದ್ದು ಎರಡು ಸುತ್ತು ಹಾಕಿ ಒಳಗೆ ಹೋದದ್ದನ್ನು ನಾನು ನೋಡಿದ್ದೇನೆ. ನೋಡುತ್ತಲೇ ಇದ್ದೆ. ನನ್ನ ಬೆಳಗಿನ ವ್ಯಾಯಾಮವೆಂದರೆ ಅದೇ ಆಗಿತ್ತು, ಅವರನ್ನು ನೋಡುವುದು.

ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂಬ ಪಾಠವಿತ್ತು. ತಲೆಯ ಮೇಲೆ ದಪ್ಪ ಪುಸ್ತಕವಿಟ್ಟುಕೊಂಡು, ಅದು ಬೀಳದ ಹಾಗೆ ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯುವುದು. "ಚಿನ್ ಅಪ್, ಗರ್ಲ್ಸ್!" ಎಂದು ಸಿಸ್ಟರ್ ಹಿಂದಿನಿಂದ ಬರುತ್ತಿದ್ದರು. ಎರಡು ವರ್ಷ ಸತತವಾಗಿ ಅದರಲ್ಲಿ ಫಸ್ಟ್ ಪ್ರೈಜ್ ನನಗೆ. ಆ ನಾನು ಗೋಡೆ ಸವರಿಕೊಂಡು ಹೋಗುತ್ತಿದ್ದೆ, ಮೂರನೆಯ ಕ್ಲಾಸಿನ ಈ ಅಕ್ಕ ಕತ್ತು ನೆಟ್ಟಗೆ ಮಾಡಿ ನಮ್ಮ ಅಂಗಳದಲ್ಲಿ ಮಹಾರಾಣಿಯ ಹಾಗೆ ನಡೆಯುತ್ತಿದ್ದರು. ಒಮ್ಮೆ ಮಾತಿಗೆ ನನ್ನ ಪ್ರೈಜಿನ ಕಥೆ ಹೇಳಿದೆ. ಹೇಳಬೇಕೆಂದೇ ಹೇಳಿದ್ದು.

ಅವರು ಬೆರಗಾಗಿ ಕೇಳಿದರು. ಆಮೇಲೆ, "ನೀವು ಪುಸ್ತಕ ಹೊತ್ತದ್ದು, ನಾನು ಹಟ್ಟಿಗೆ ಸೊಪ್ಪು ಹೊತ್ತದ್ದು. ಸೊಪ್ಪಿನ ಕಟ್ಟದಲ್ಲಿ ಕೆಂಪಿರುವೆ ಇರ್ತದಲ್ಲ ಅಕ್ಕ, ತಲೆ ಅಲ್ಲಾಡಿಸಿದ್ರೆ ಕುತ್ತಿಗೆಗೆ ಇಳೀತದೆ. ನಿಮ್ಮ ಪುಸ್ತಕದಲ್ಲಿ ಇರುವೆ ಇರ್ಲಿಲ್ಲ, ಅದಕ್ಕೇ ನಿಮಗೆ ಅಭ್ಯಾಸ ತಪ್ಪಿದ್ದು!" ಎಂದರು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಇವರು ಪೇಪರು ಕೆಳಗಿಟ್ಟು ನಕ್ಕರು. ಆ ನಗುವನ್ನು ನಾನು ಈಗಲೂ ಮರೆತಿಲ್ಲ. ಮದುವೆಯಾಗಿ ಐವತ್ತು ವರ್ಷದಲ್ಲಿ ನನ್ನ ಒಂದು ಮಾತಿಗೂ ಅವರು ಪೇಪರು ಕೆಳಗಿಟ್ಟವರಲ್ಲ.

ಸುತ್ತು ಎಷ್ಟೆಂದು ಅಕ್ಕ ಲೆಕ್ಕ ಇಟ್ಟಿದ್ದರು. ಇಪ್ಪತ್ತೆಂಟು. ಊರಲ್ಲಿ ಬಸ್ಸಿನಿಂದ ಇಳಿದು ಅವರ ಮನೆಯ ಮೆಟ್ಟಿಲಿನವರೆಗೆ ಎಷ್ಟು ಹೆಜ್ಜೆಯೆಂದು ಮಗನ ಹತ್ತಿರ ಫೋನಿನಲ್ಲಿ ಎಣಿಸಲು ಹೇಳಿ, ನಮ್ಮ ಅಂಗಳದ ಒಂದು ಸುತ್ತಿಗೆ ಎಷ್ಟು ಹೆಜ್ಜೆಯೆಂದು ತಾವು ಎಣಿಸಿ, ಮಗಳಿಂದ ಭಾಗಾಕಾರ ಮಾಡಿಸಿದ್ದರು. ಇಪ್ಪತ್ತೆಂಟು ಸುತ್ತನ್ನು ಕೋಲಿಲ್ಲದೆ, ನಡುವೆ ಕೂರದೆ, ಒಂದು ತಿಂಗಳು ಬಿಡದೆ ನಡೆದರೆ ಊರಿಗೆ ಕಳಿಸುತ್ತೇನೆಂದು ಮಗಳು ಮಾತು ಕೊಟ್ಟಿದ್ದಳು. ಪುತ್ತೂರಿನಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ದಿನಾ ಸಂಜೆ "ನಮ್ಮ ದನ ಈಗ ಕೂಗ್ತಿರ್ತದೆ" ಎನ್ನುತ್ತಿದ್ದರು.

ಮೊದಮೊದಲು ಸುತ್ತುಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಯಾರಾದರೂ ಗೇಟಿನಿಂದ ಮಾತಾಡಿಸಿದರೆ ತಪ್ಪುತ್ತಿತ್ತು, ತಪ್ಪಿದರೆ ಮತ್ತೆ ಒಂದರಿಂದ. ಇದನ್ನು ನೋಡಿ ಇವರು ಒಂದು ದಿನ ಅಟ್ಟಕ್ಕೆ ಏಣಿ ಇಟ್ಟರು. ಇಳಿದಾಗ ಕೈಯಲ್ಲಿ ನಮ್ಮ ಅತ್ತೆಯ ಚೆನ್ನೆಮಣೆ. ಹಲಸಿನ ಮರದ್ದು, ಎರಡು ಸಾಲಲ್ಲಿ ಏಳೇಳು ಕುಳಿ. ನಾನು ಮದುವೆಯಾಗಿ ಬಂದ ವರ್ಷ ಆ ಮಣೆಯಲ್ಲಿ ಆಡಲು ಕೂತಾಗ ಅತ್ತೆ, "ಇಂಗ್ಲಿಷ್ ಕಲಿತವರಿಗೆ ಇದೆಲ್ಲ ಎಲ್ಲಿ ಬರ್ತದೆ" ಎಂದು ನಾದಿನಿಯನ್ನು ಕೂರಿಸಿದ್ದರು. ಆ ಮಣೆಯನ್ನು ಇವರು ಒರೆಸಿ, ಒಂದು ಸಾಲಿನ ಏಳು ಕುಳಿಗೆ ನಾಲ್ಕು ನಾಲ್ಕು ಮಂಜೊಟ್ಟಿ ಹಾಕಿ ಅಕ್ಕನ ಜಗಲಿಯ ಅರ್ಧಗೋಡೆಯ ಮೇಲೆ ಇಟ್ಟುಕೊಟ್ಟರು.

"ಒಂದು ಸುತ್ತಾದ್ರೆ ಒಂದು ಬೀಜ ಈಚೆ ಸಾಲಿಗೆ ಹಾಕಿ. ಬಗ್ಗುವ ಕೆಲಸ ಇಲ್ಲ," ಎಂದರು.

"ನಿಮ್ಮ ಬುದ್ಧಿಗೆ ಎಂತ ಹೇಳುದು ಅಣ್ಣ!" ಎಂದರು ಅಕ್ಕ.

ಅಂದಿನಿಂದ ಬೆಳಿಗ್ಗೆ ನನ್ನ ಅಡುಗೆಮನೆಗೆ ಒಂದು ಶಬ್ದ ಬರತೊಡಗಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಮರದ ಕುಳಿಗೆ ಬೀಜ ಬೀಳುವ ಶಬ್ದ. ದೋಸೆ ಹೊಯ್ಯುತ್ತಾ ನಾನೂ ಎಣಿಸುತ್ತಿದ್ದೆ. ಇಪ್ಪತ್ತೆಂಟು ಟಕ್ ಆದ ಮೇಲೆ ಜಗಲಿಯಿಂದ ಇವರ ಧ್ವನಿ: "ಆಯ್ತಾ ಅಕ್ಕ? ಊರು ಮುಟ್ಟಿದ್ರಾ?" "ಮುಟ್ಟಿದೆ ಅಣ್ಣ, ಮೆಟ್ಟಿಲಲ್ಲಿ ಕೂತಿದ್ದೇನೆ." ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಮೊದಲಿಗೆ ಹದಿನೈದು ಸುತ್ತಿಗೆ ಸುಸ್ತಾಗುತ್ತಿದ್ದವರು, ನೋಡನೋಡುತ್ತ ಕೋಲು ಬಿಟ್ಟರು.

ನಾನು ಸುಮ್ಮನಿರಲಿಲ್ಲ. ಮೊದಲು, ಮಳೆಗಾಲದ ಆಟಿಯಲ್ಲಿ ಮಾತ್ರ ಮಣೆ ಆಡುವ ಶಾಸ್ತ್ರ ಹಿಡಿದು, "ಆಟಿ ತಿಂಗಳು ಕಳೆದ್ರೆ ನಮ್ಮಲ್ಲಿ ಚೆನ್ನೆಮಣೆ ಹೊರಗೆ ಇಡುದಿಲ್ಲ ಅಕ್ಕ," ಎಂದೆ.

"ಆಡುದಾದ್ರೆ ಅಲ್ವಾ? ನಾನು ಆಡುದಿಲ್ಲ ಅಕ್ಕ, ದುಡಿಯುದು," ಎಂದರು.

ಇನ್ನೊಂದು ದಿನ, ನೆಂಟರು ನಾಲ್ಕು ಜನ ಜಗಲಿಯಲ್ಲಿ ಕೂತಿರುವಾಗಲೇ ಗಟ್ಟಿಯಾಗಿ ಹೇಳಿದೆ, "ಅಕ್ಕ, ತುಳಸಿಯನ್ನು ಬಲಕ್ಕೆ ಇಟ್ಟು ಸುತ್ತು ಬರುದು. ನೀವು ಅಪ್ರದಕ್ಷಿಣೆ ಬರುದಲ್ವಾ?" ಅದು ನಿಜ. ಅವರು ಉಲ್ಟಾ ಸುತ್ತುತ್ತಿದ್ದರು. ಬಲಕ್ಕೆ ತಿರುಗಿದರೆ ಅವರಿಗೆ ತಲೆ ಸುತ್ತುತ್ತಿತ್ತು, ಎಡಕ್ಕೆ ತಿರುಗಿದರೆ ಇಲ್ಲ. ನೆಂಟರೆಲ್ಲ ಅವರ ಕಡೆ ನೋಡಿದರು. ಅಕ್ಕ ನಿಂತರು. ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ತುಳಸಿಗೆ ಕೈ ಮುಗಿದು ಹೇಳಿದರು, "ಅವಳಿಗೆ ಗೊತ್ತುಂಟು ಅಕ್ಕ, ನನ್ನ ಯಾವ ಕಿವಿ ಹಾಳೂಂತ."

ಅಷ್ಟಕ್ಕೇ ಬಿಡಲಿಲ್ಲ, ನನ್ನ ಹತ್ತಿರ ಬಂದು ಕೈ ಹಿಡಿದರು. "ನಿಮ್ಮದು ಎಡಗಿವಿ ಅಲ್ವಾ? ನಿಮಗೆ ಬಲಕ್ಕೆ ಸುತ್ತಿದ್ರೆ ಎಂತ ಆಗುದಿಲ್ಲ. ನಾಳೆಯಿಂದ ನೀವು ಆ ಕಡೆಯಿಂದ ಬನ್ನಿ, ನಾನು ಈ ಕಡೆಯಿಂದ ಬರ್ತೇನೆ. ಒಂದು ಸುತ್ತಿಗೆ ಎರಡು ಸಲ ಎದುರೆದುರು ಸಿಗ್ತೇವೆ. ಮಾತಾಡ್ಲಿಕ್ಕೂ ಆಯ್ತು."

ಎಷ್ಟು ಸರಳವಾಗಿ ಕರೆದರು... ಶಾಸ್ತ್ರವೂ ನನ್ನ ಕಿವಿಯೂ ಒಂದೇ ದಿಕ್ಕು ತೋರಿಸುತ್ತಿದ್ದವು. ಆದರೂ ನಾನು "ನೋಡುವ" ಎಂದೆ. ನಮ್ಮೂರಲ್ಲಿ 'ನೋಡುವ' ಎಂದರೆ ಇಲ್ಲ ಎಂದು ಅರ್ಥ. ಅವರ ಪಕ್ಕದಲ್ಲಿ ತಡವರಿಸುತ್ತ ನಡೆದು, ಅವರು ಇಪ್ಪತ್ತೆಂಟು ಮುಗಿಸುವಾಗ ನಾನು ಮೂರಕ್ಕೇ ಕೂತು, ಜಗಲಿಯಿಂದ ಇವರು ಅದನ್ನು ನೋಡುವುದೇ? ಇಂಪಾಸಿಬಲ್.

ಆರು ತಿಂಗಳ ಚೆಕಪ್ಪಿಗೆ ಮತ್ತೆ ಒಟ್ಟಿಗೆ ಹೋದೆವು. ಡಾಕ್ಟರು ಅಕ್ಕನನ್ನು ಒಂದು ಗೆರೆಯ ಮೇಲೆ ನಡೆಸಿದರು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಕೈ ಎರಡೂ ಕೆಳಗೆ ಬಿಟ್ಟು, ಗೆರೆ ಬಿಡದೆ ನಡೆದರು. ನಾನು ಎರಡನೆಯ ಹೆಜ್ಜೆಗೆ ನರ್ಸಿನ ಭುಜ ಹಿಡಿದೆ. ಡಾಕ್ಟರು ಮೃದುವಾಗಿಯೇ ಹೇಳಿದರು, "ನೀವು ಓದಿದವರು, ನಿಮಗೆ ನಾನು ಹೇಳುದೆಂತ? ಈ ಅಮ್ಮನ ಹತ್ರ ಕೇಳಿ ಕಲಿತುಕೊಳ್ಳಿ." ವಾಪಸು ಬರುವಾಗ ಕಾರಿನಲ್ಲಿ ಇವರು ಇನ್ನೊಮ್ಮೆ ಅದನ್ನೇ ಹೇಳಿದರು. "ಕೇಳಿದೆಯಲ್ಲ ಮಾರಾಯ್ತಿ?" ಹಿಂದಿನ ಸೀಟಿನಲ್ಲಿದ್ದ ಅಕ್ಕ, "ಛೆ, ಅವರಿಗೆ ಮನೆಕೆಲಸ ಎಷ್ಟುಂಟು, ನನಗೆ ಬೇರೆ ಎಂತ ಕೆಲಸ?" ಎಂದು ನನ್ನ ಪರ ಮಾತಾಡಿದರು. ಅವರು ನನ್ನ ಪರ ಮಾತಾಡಿದ್ದೇ ನನಗೆ ಸಹಿಸಲಾಗಲಿಲ್ಲ.

ಆಗ ಅವರ ತಿಂಗಳ ಲೆಕ್ಕದಲ್ಲಿ ಹತ್ತೊಂಬತ್ತು ದಿನ ಮುಗಿದಿತ್ತು. ಇನ್ನು ಹನ್ನೊಂದು ದಿನ ನಡೆದರೆ ಊರು.

ಮರುದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಒಳಗಿದ್ದರು. ಒಣಗಿದ ಬಟ್ಟೆ ತೆಗೆಯಲು ಹೋದವಳು ಅವರ ಜಗಲಿಯ ಹತ್ತಿರ ನಿಂತೆ. ಅರ್ಧಗೋಡೆಯ ಮೇಲೆ ಚೆನ್ನೆಮಣೆ, ಬೀಜಗಳು ನಾಲ್ಕು ನಾಲ್ಕಾಗಿ ಕೂತಿದ್ದವು, ಮರುದಿನದ ಬೆಳಗಿಗೆ ತಯಾರಾಗಿ. ಕೊನೆಯ ಕುಳಿಯಿಂದ ಒಂದನ್ನು ತೆಗೆದೆ. ನಮ್ಮ ಅತ್ತೆಯ ಮಣೆ, ನಮ್ಮ ಮನೆಯ ಬೀಜ, ನಾನು ತೆಗೆದರೆ ಕಳ್ಳತನ ಹೇಗಾಗುತ್ತದೆ? ಹಾಗೆ ನನಗೆ ನಾನೇ ಕೇಳಿಕೊಂಡದ್ದು ನೆನಪಿದೆ. ಅಡುಗೆಮನೆಗೆ ಬಂದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ. ಯಾಕೆ ತೆಗೆದೆ? ಅವರು ಬಿದ್ದುಹೋಗಲಿ ಎಂದು ಖಂಡಿತ ಅಲ್ಲ. ಒಂದು ದಿನ, ಒಂದೇ ಒಂದು ದಿನ, ಅವರ ಲೆಕ್ಕ ತಪ್ಪಲಿ. ಇಪ್ಪತ್ತೇಳಕ್ಕೆ ಮುಗಿಸಿ ಇಪ್ಪತ್ತೆಂಟೆಂದು ಹೇಳಲಿ. ಅದು ತಪ್ಪೆಂದು ನನಗೊಬ್ಬಳಿಗೆ ಗೊತ್ತಿರಲಿ. ಅಷ್ಟು ಸಾಕಿತ್ತು ನನಗೆ.

ಆದರೆ ಅಕ್ಕ ನಡೆಯುವ ಮೊದಲು ಬೀಜಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಕೊನೆಯ ಕುಳಿಯಲ್ಲಿ ಅವರ ಬೆರಳು ನಿಂತಿತು. ಮತ್ತೆ ಎಣಿಸಿದರು. ಮಣೆ ಎತ್ತಿ ಅಡಿಯಲ್ಲಿ ನೋಡಿದರು. ಗೋಡೆಯ ಆಚೆ ನೋಡಿದರು. ಆಮೇಲೆ, ಆರು ತಿಂಗಳಲ್ಲಿ ಒಮ್ಮೆಯೂ ಮಾಡದ್ದನ್ನು ಮಾಡಿದರು. ನೆಲದಲ್ಲಿ ಹುಡುಕಲು ಬಗ್ಗಿದರು. ಕುರ್ಚಿಯ ಅಡಿ, ಚಪ್ಪಲಿಗಳ ಸಂದು... ತಲೆ ಬಲಕ್ಕೆ ತಿರುಗಿತು.

ಬೀಳಲಿಲ್ಲ. ಗೋಡೆಗೆ ಕೈ ಕೊಟ್ಟು ಮೆಲ್ಲನೆ ಜಾರಿ ನೆಲದಲ್ಲಿ ಕೂತುಬಿಟ್ಟರು. ಎರಡು ಕೈಯಲ್ಲೂ ನೆಲವನ್ನು ಒತ್ತಿ ಹಿಡಿದಿದ್ದರು, ನೆಲ ಓಡಿಹೋಗುತ್ತದೆ ಎನ್ನುವ ಹಾಗೆ. ಆ ಹಿಡಿತ ನನಗೆ ಗೊತ್ತು. ಜಗತ್ತಿನಲ್ಲಿ ಅದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಇವರು ಪೇಪರು ಬಿಸಾಡಿ ಓಡಿದರು, ಮಗಳು ಒಳಗಿಂದ ಓಡಿ ಬಂದಳು.

ನಾನೂ ಓಡಬೇಕೆಂದು ಸಕ್ಕರೆ ಡಬ್ಬಿಯ ಹಿಂದೆ ಕೈ ಹಾಕಿದೆ. ಬೀಜವನ್ನು ಕೊಡಬೇಕು, ಅಂಗಳದಲ್ಲಿ ಸಿಕ್ಕಿತೆಂದು ಹೇಳಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಅವಸರಕ್ಕೆ ಬೀಜ ಜಾರಿ, ಕಲ್ಲಿನ ಮೇಲೆ ಒಮ್ಮೆ ಪುಟಿದು, ಉರುಳಿಕೊಂಡು ಫ್ರಿಜ್ಜಿನ ಅಡಿಗೆ ಹೋಯಿತು. ನಾನು ಬಗ್ಗಿದೆ. ಕೂಡಲೇ ಅಡುಗೆಮನೆ ಎದ್ದು ತಿರುಗಿತು. ಫ್ರಿಜ್ಜಿನ ಹಿಡಿಯನ್ನು ತಬ್ಬಿಕೊಂಡು ನಿಂತೆ. ಕಣ್ಣೆದುರಿಗೆ ನನ್ನದೇ ಕರ್ಸಿವ್ ಅಕ್ಷರ ಕುಣಿಯುತ್ತಿತ್ತು: ಫಕ್ಕನೆ ಬಗ್ಗಬಾರದು.

ಯಾರನ್ನಾದರೂ ಕರೆದು ತೆಗೆಸಬಹುದಿತ್ತು. ಒಂದು ಹಿಡಿಸೂಡಿಯಿಂದ ಗುಡಿಸಿ ತೆಗೆಯುವ ಕೆಲಸ. ಆದರೆ ಕರೆದರೆ ಹೇಳಬೇಕು. ಇವರಿಗೆ ಹೇಳಬೇಕು, ಅದನ್ನು ಇಲ್ಲಿಗೆ ತಂದದ್ದು ನಾನು ಎಂದು. ದಿನಾ ನಾಳೆ ಎಂದುಕೊಂಡೆ...

ಐದು ದಿನ ಅಕ್ಕ ಅಂಗಳಕ್ಕೆ ಇಳಿಯಲಿಲ್ಲ. ಟಕ್ ಎಂಬ ಶಬ್ದವಿಲ್ಲದ ಆ ಬೆಳಗುಗಳಲ್ಲಿ ನನ್ನ ದೋಸೆಗಳು ಸೀದುಹೋಗುತ್ತಿದ್ದವು. ಬಾಗಿಲ ಹಿಂದಿನ ಕೋಲು ಮತ್ತೆ ಹೊರಗೆ ಬಂತು. "ಇನ್ನು ಊರಿನ ಮಾತು ಬೇಡ ಅಮ್ಮ," ಎಂದು ಮಗಳು ಹೇಳಿದ್ದು ನಮ್ಮ ಜಗಲಿಗೂ ಕೇಳಿಸಿತು. ನಾನು ಗಂಜಿ, ತಿಳಿಸಾರು ಮಾಡಿ ಕೊಟ್ಟುಬಂದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. "ನಿಮಗೆ ಸುಮ್ಮನೆ ತೊಂದರೆ," ಎಂದರು. ನನಗೆ!

ಆರನೆಯ ದಿನ ಬೆಳಿಗ್ಗೆ ಆರೂವರೆಗೆ ಟಕ್ ಎಂದಿತು. ಕಿಟಕಿಗೆ ಓಡಿದೆ, ಅಂದರೆ ನನ್ನ ಓಟ, ಮೇಜಿನಿಂದ ಗೋಡೆಗೆ. ಅಕ್ಕ ಕೋಲು ಹಿಡಿದು ಒಂದು ಸುತ್ತು ಹಾಕಿದ್ದರು. ಮಗಳ ಅಡುಗೆಯ ಹುಣಸೆಹುಳಿಯಿಂದ ಒಂದು ಬೀಜ ಆರಿಸಿ, ತೊಳೆದು, ಕೊನೆಯ ಕುಳಿಗೆ ಸೇರಿಸಿ ಇಪ್ಪತ್ತೆಂಟು ಮಾಡಿದ್ದರು. ಕೆಂಪು ಬೀಜಗಳ ನಡುವೆ ಕಂದು ಬಣ್ಣದ ಒಂದು ಹುಣಸೆಬೀಜ. ಅಂದು ಏಳು ಸುತ್ತು. ಮರುದಿನ ಹತ್ತು. ಲೆಕ್ಕ ಒಂದರಿಂದ ಮತ್ತೆ ಸುರುವಾಯಿತು. ಹನ್ನೊಂದೇ ದಿನದಲ್ಲಿ ಮುಟ್ಟಬೇಕಾಗಿದ್ದ ಊರನ್ನು ಅವರು ಮುಟ್ಟಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ನಾಲ್ಕು ತಿಂಗಳು, ನನ್ನಿಂದ.

ಹೊರಡುವ ದಿನ ಚೆನ್ನೆಮಣೆಯನ್ನು ತೊಳೆದು, ಒಣಗಿಸಿ, ತೆಂಗಿನೆಣ್ಣೆ ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತಂದುಕೊಟ್ಟರು. "ಎಣಿಸಿ ನೋಡಿ ಅಕ್ಕ," ಎಂದರು.

"ಬೇಡ ಬೇಡ," ಎಂದೆ.

"ಇಲ್ಲ, ಹೇಳ್ಬೇಕು ನಾನು. ಒಂದು ನನ್ನ ಕೈಯಿಂದ ಹೋಯ್ತು. ನಿಮ್ಮ ಅತ್ತೆಯವರ ಕಾಲದ್ದು. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಬೇಜಾರು ಮಾಡ್ಬೇಡಿ, ಆಯ್ತಾ?"

ಅವರಿಗೆ ಗೊತ್ತಿತ್ತೇ? ಎಷ್ಟೋ ಸಲ ಆ ಮುಖವನ್ನು ನೆನಪಿಗೆ ತಂದುಕೊಂಡು ನೋಡಿದ್ದೇನೆ. ಇಲ್ಲ, ಗೊತ್ತಿರಲಿಲ್ಲ. ನಿಜವಾಗಿಯೂ ತಮ್ಮದೇ ತಪ್ಪೆಂದು ತಿಳಿದು ನಿಂತಿದ್ದರು. ಫ್ರಿಜ್ಜು ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ.

ನಾನು ಹೇಳಿದ್ದು, "ಪರವಾಗಿಲ್ಲ ಅಕ್ಕ, ಒಂದು ಬೀಜ ಅಲ್ವಾ." ಅಂದರೆ, ನಾನು ಅವರನ್ನು ಕ್ಷಮಿಸಿದೆ!

ಮಗಳಿಗೂ ಕಡಬದ ಕಡೆಗೆ ವರ್ಗವಾಗಿ ಆ ಚಿಕ್ಕ ಮನೆ ಖಾಲಿಯಾಯಿತು. ಅಕ್ಕ ಊರಿಗೆ ಹೋದ ದಿನ ಮಗಳು ಇವರಿಗೆ ಫೋನು ಮಾಡಿದ್ದಳು. ಬಸ್ಸಿನಿಂದ ಇಳಿದು ಮೆಟ್ಟಿಲಿನವರೆಗೆ ಕೋಲಿಲ್ಲದೆ ನಡೆದರಂತೆ. ಕೂರಲಿಲ್ಲವಂತೆ. "ಅಣ್ಣನಿಗೆ ಹೇಳು, ಊರು ಮುಟ್ಟಿದೆ ಅಂತ," ಎಂದರಂತೆ. ಇವರು ಫೋನು ಇಟ್ಟು ಕಣ್ಣೊರೆಸಿಕೊಂಡರು. ಆಗಲೂ... ಏನೆಂದು ಬರೆಯಲಿ? ಆಗಲೂ ನನ್ನ ಹೊಟ್ಟೆ ಉರಿಯಿತು. ನಾನು ಎಲ್ಲಿಗಾದರೂ ನಡೆದು ಮುಟ್ಟಿದರೆ ಇವರು ಕಣ್ಣೊರೆಸಿಕೊಳ್ಳುವರೇ ಎಂದು.

ಹೋದ ವರ್ಷ ದೀಪಾವಳಿ ಕಳೆದು ಒಂದು ವಾರಕ್ಕೆ ಅವರು ತೀರಿಕೊಂಡರು. ಬೆಳಿಗ್ಗೆ ನಡೆದು ಬಂದು, ಬಿಸಿನೀರು ಕುಡಿದು, ಸ್ವಲ್ಪ ಒರಗುತ್ತೇನೆಂದು ಮಲಗಿದವರು ಏಳಲಿಲ್ಲ. ಬೀಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಯಾರ ಭುಜಕ್ಕೂ ಭಾರವಾಗಲಿಲ್ಲ. ಸುದ್ದಿ ಕೇಳಿ ಅತ್ತುಬಿಟ್ಟೆ. ಅಳುತ್ತಲೇ, ಹೋಗುವುದಾದರೆ ಹೀಗೆ ಹೋಗಬೇಕು ಎಂದು ಅವರ ಸಾವಿನ ಮೇಲೂ ಅಸೂಯೆ ಪಟ್ಟೆ. ಇವರು ಗುತ್ತಿಗಾರಿಗೆ ಹೋಗಿ ಬಂದರು. ನಾನು ಹೋಗಲಿಲ್ಲ. ದಾರಿಯ ತಿರುವುಗಳಿಗೆ ತಲೆ ಸುತ್ತುತ್ತದೆ ಎಂದೆ. ಅದೂ ಸುಳ್ಳಲ್ಲ.

ಬೀಜ ಸಿಕ್ಕಿದ ಮರುದಿನ ಇವರ ಹತ್ತಿರ ಚೆನ್ನೆಮಣೆ ಕೇಳಿದೆ. "ಎಂತಕ್ಕೆ ಮಾರಾಯ್ತಿ, ಈಗ?" ಎನ್ನುತ್ತಾ ತೆಗೆದುಕೊಟ್ಟರು. ಸೀರೆಯ ತುಂಡಿನಲ್ಲಿ ಇನ್ನೂ ಎಣ್ಣೆಯ ವಾಸನೆ ಇತ್ತು. ಜಗಲಿಯ ಅರ್ಧಗೋಡೆಯ ಮೇಲಿಟ್ಟು, ಇಪ್ಪತ್ತೇಳು ಕೆಂಪು, ಒಂದು ಹುಣಸೆ ತುಂಬಿಸಿದೆ. ಆಮೇಲೆ ಮುಷ್ಟಿಯಲ್ಲಿದ್ದದ್ದನ್ನು ಹಾಕಿದೆ. ಹುಣಸೆಬೀಜವನ್ನು ತೆಗೆಯಲು ಮನಸ್ಸಾಗಲಿಲ್ಲ. ಕೊನೆಯ ಕುಳಿಯಲ್ಲಿ ಐದಾಯಿತು.

ಮೊದಲ ದಿನ ಎರಡೇ ಸುತ್ತು, ಗೋಡೆ ಬಿಟ್ಟು, ತುಳಸಿಯನ್ನು ಬಲಕ್ಕೆ ಇಟ್ಟು. ಇಂದಿಗೆ ಎಂಟನೆಯ ದಿನ, ಆರು ಸುತ್ತು. ತಲೆ ಹಗುರಾಗಿ ತೇಲುತ್ತದೆ, ಆಗ ನಿಂತು ಹೆಬ್ಬೆರಳು ನೋಡುತ್ತೇನೆ. ಟಕ್ ಎನ್ನುತ್ತದೆ, ಮತ್ತೆ ಹೊರಡುತ್ತೇನೆ. ಇವರು ಪೇಪರು ಕೆಳಗಿಟ್ಟಿದ್ದಾರೆ. ನಾನು ಬೀಜ ತುಂಬಿಸುವುದನ್ನು ಇಂದು ನೋಡಿ, "ಒಂದು ಹೆಚ್ಚುಂಟಲ್ಲ? ಗುತ್ತಿಗಾರಿನ ಅಕ್ಕ ಇಪ್ಪತ್ತೆಂಟೇ ಹಾಕ್ತಿದ್ದದ್ದು," ಎಂದರು.

"ನಾನು ಇಪ್ಪತ್ತೊಂಬತ್ತು ಹಾಕುದು," ಎಂದೆ.

ಒಂದು ದಿನ ಹಾಕಿಯೇ ಹಾಕುತ್ತೇನೆ. ಅವರಿಗಿಂತ ಒಂದು ಹೆಚ್ಚು. ಆ ದಿನ ಗೆದ್ದೆನೆಂದು ಹೇಳಲು ತಿರುಗಿ ನೋಡಿದರೆ ಚಿಕ್ಕ ಮನೆಗೆ ಬೀಗ ಇರುತ್ತದೆ. ಈಗಲೂ ಪ್ರತಿ ಸುತ್ತಿನಲ್ಲಿ ಎರಡು ಕಡೆ, ಒಮ್ಮೆ ಬಾವಿಯ ಹತ್ತಿರ, ಒಮ್ಮೆ ಗೇಟಿನ ಹತ್ತಿರ, ನನ್ನ ಕಾಲು ತಾನಾಗಿ ಸ್ವಲ್ಪ ಬದಿಗೆ ಸರಿಯುತ್ತದೆ... ಎದುರಿನಿಂದ ಬರುವವರಿಗೆ ದಾರಿ ಬಿಡಲು.